ಗ್ರೀನ್ ಹಾಲ್ ಅಥವಾ ಬ್ರೋಕನ್ ಸ್ಪೋಕ್: ಕಂಟ್ರಿ ಸಂಗೀತ ಕೇಳಲು ಎಲ್ಲಿಗೆ ಹೋಗಬೇಕು?

ನಮ್ಮ ಮನೆಯಿಂದ ಬ್ರೋಕನ್ ಸ್ಪೋಕ್‌ಗೆ ಕಾರಲ್ಲಿ ಹದಿನೈದು ನಿಮಿಷ. ಗ್ರೀನ್ ಹಾಲ್‌ಗೆ ಹೆಚ್ಚುಕಡಿಮೆ ಒಂದು ಗಂಟೆ. ಎರಡೂ ಟೆಕ್ಸಸ್‌ನ ಡಾನ್ಸ್‌ಹಾಲ್‌ಗಳು, ಕಂಟ್ರಿ, ಅಂದರೆ ಅಮೆರಿಕದ ಹಳ್ಳಿಗಾಡಿನ ಸಂಗೀತಕ್ಕೆ ಜನ ಕುಣಿಯುವ ಜಾಗಗಳು. ಆಸ್ಟಿನ್‌ನಲ್ಲಿರುವ ನಮ್ಮ ಕಡೆಯವರು ಆಗಾಗ ಕೇಳುತ್ತಾರೆ, "ಹಳೇ ಶೈಲಿಯ ಕಂಟ್ರಿ ಸಂಗೀತ ಒಂದ್ಸಲ ಎದುರಿಗೆ ನಿಂತು ಕೇಳಬೇಕು, ಎರಡರಲ್ಲಿ ಯಾವುದಕ್ಕೆ ಹೋಗಲಿ?" ಅಂತ. ಐದಾರು ವರ್ಷದಿಂದ ಎರಡೂ ಕಡೆ ಹೋಗಿ ಬರುತ್ತಿದ್ದೇನೆ. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಕೇಳುವುದಕ್ಕೆ ಗ್ರೀನ್, ಕುಣಿಯುವುದಕ್ಕೆ ಸ್ಪೋಕ್. ಒಂದೇ ಕಡೆ ಹೋಗುವಷ್ಟು ಸಮಯ ಇದೆ ಅಂದರೆ ಸ್ಪೋಕ್.

ಮೊದಲು ಗ್ರೀನ್ ಹಾಲ್. ಹೆಸರನ್ನು ಬರೆಯುವುದು ಜರ್ಮನ್ ಸ್ಪೆಲಿಂಗ್‌ನಲ್ಲಿ, ಆದರೆ ಎಲ್ಲರೂ ಹೇಳುವುದು ಹಸಿರು ಬಣ್ಣದ ಗ್ರೀನ್ ಥರಾನೇ. ಆಸ್ಟಿನ್‌ನಿಂದ ದಕ್ಷಿಣಕ್ಕೆ, ನ್ಯೂ ಬ್ರೌನ್‌ಫೆಲ್ಸ್ ಊರಿನಲ್ಲಿ, ಗ್ವಾಡಲೂಪೆ ನದಿಯ ಪಕ್ಕದಲ್ಲಿದೆ. 1878ರಲ್ಲಿ ಕಟ್ಟಿದ್ದು. ಟೆಕ್ಸಸ್‌ನಲ್ಲಿ ಬಾಗಿಲು ಮುಚ್ಚದೆ ನಡೆದುಕೊಂಡು ಬಂದಿರುವ ಡಾನ್ಸ್‌ಹಾಲ್‌ಗಳಲ್ಲಿ ಇದೇ ಹಳೆಯದು ಅಂತ ಹೆಸರು. ಸುತ್ತಲಿನ ಜಮೀನಿನಲ್ಲಿ ಆಗ ಹತ್ತಿ ಬೆಳೆಯುತ್ತಿದ್ದರು. ವಾರವಿಡೀ ದುಡಿದವರು ಶನಿವಾರ ಇಲ್ಲಿ ಸೇರುತ್ತಿದ್ದರು. ಆಮೇಲೆ ಹತ್ತಿಗೆ ಬೋಲ್ ವೀವಿಲ್ ಅನ್ನುವ ಕೀಟ ಬಿತ್ತು, ಹಿಂದೆಯೇ 1930ರ ದಶಕದ ಆರ್ಥಿಕ ಕುಸಿತ ಬಂತು. ಊರು ಖಾಲಿಯಾಯಿತು, ಹಾಲ್ ಉಳಿಯಿತು.

ಒಳಗೆ ಹೋದರೆ ಮರದ ಗೋಡೆ, ಎತ್ತರದ ತಗಡಿನ ಮಾಡು. ಎಸಿ ಇಲ್ಲ. ಪಕ್ಕದ ಹಲಗೆಗಳನ್ನು ಎತ್ತಿ ಕಟ್ಟಿರುತ್ತಾರೆ, ಗಾಳಿ ಆಡುತ್ತದೆ. ಮುಂದೆ ಬಾರ್, ಹಿಂದೆ ಚಿಕ್ಕ ವೇದಿಕೆ, ನಡುವೆ ಉದ್ದನೆಯ ಬೆಂಚು, ಮೇಜು. ಮೇಜಿನ ತುಂಬ ಜನ ಹೆಸರು ಕೆತ್ತಿದ್ದಾರೆ. ಎಷ್ಟೋ ಹೆಸರು ಸವೆದು ಹೋಗಿವೆ, ಬೆರಳಿಟ್ಟು ಓದಬೇಕು. ಮೇಲೆ 30-40ರ ದಶಕದ ಜಾಹೀರಾತು ಫಲಕಗಳು ಇನ್ನೂ ತೂಗುತ್ತಿವೆ. ಜಾರ್ಜ್ ಸ್ಟ್ರೇಟ್ ದೊಡ್ಡ ಹೆಸರು ಮಾಡುವ ಮುಂಚೆ, 70ರ ದಶಕದಲ್ಲಿ, ತನ್ನ ಬ್ಯಾಂಡ್ ಜೊತೆ ಇದೇ ವೇದಿಕೆಯಲ್ಲಿ ಮತ್ತೆ ಮತ್ತೆ ಹಾಡುತ್ತಿದ್ದ.

ಇಲ್ಲಿ ಕೇಳುವ ಸುಖಕ್ಕೆ ಕಾರಣ ಆ ಮರ ಮತ್ತು ತಗಡು ಅಂತ ನನ್ನ ನಂಬಿಕೆ. ಅದರಲ್ಲೂ ಫಿಡ್ಲ್ ಕೇಳಬೇಕು. ನಾನು ಚಿಕ್ಕವನಿದ್ದಾಗ ಮೈಸೂರಿನಲ್ಲಿ ಆರು ವರ್ಷ ಪಿಟೀಲು ಕಲಿತಿದ್ದೆ. ಫಿಡ್ಲ್ ಅನ್ನುವ ಪದವೇ ನಮ್ಮ ಬಾಯಲ್ಲಿ ಪಿಟೀಲು ಆಗಿದ್ದು, ಚೌಡಯ್ಯನವರ ಹೆಸರಿನ ಹಿಂದೆ ಕೂತದ್ದು. ವಾದ್ಯ ಅದೇ, ಹಿಡಿಯುವ ರೀತಿ ಬೇರೆ. ನಾವು ನೆಲದ ಮೇಲೆ ಕೂತು, ತುದಿಯನ್ನು ಪಾದಕ್ಕೆ ಆನಿಸುತ್ತೇವೆ. ಇವರು ನಿಂತು, ಹೆಗಲಿಗೆ ಇಟ್ಟುಕೊಂಡು, ಎರಡು ತಂತಿಯನ್ನು ಒಟ್ಟಿಗೆ ಎಳೆಯುತ್ತಾರೆ. ಒಂದು ಭಾನುವಾರ ಮಧ್ಯಾಹ್ನ ವೇದಿಕೆಯಿಂದ ಮೂರು ಮಾರು ದೂರದಲ್ಲಿ ನಿಂತಿದ್ದೆ. ಫಿಡ್ಲ್‌ನವರು ಒಂದು ಸ್ವರವನ್ನು ಕೆಳಗಿನಿಂದ ಮೆಲ್ಲಗೆ ಜಾರಿಸಿ ಮೇಲೆ ತಂದರು. ಪಕ್ಕದಲ್ಲಿ ಸ್ಟೀಲ್ ಗಿಟಾರ್‌ನವರು ತಂತಿಯ ಮೇಲೆ ಉಕ್ಕಿನ ಸರಳು ಜಾರಿಸಿ ಅದೇ ಸ್ವರಕ್ಕೆ ಬಂದು ಸೇರಿದರು. ಮೇಷ್ಟ್ರು ನಮಗೆ 'ಜಾರು' ಅಂತ ಹೇಳಿಕೊಡುತ್ತಿದ್ದ ಗಮಕ ಇದೇ ಅಲ್ವಾ ಅನಿಸಿ ಮೈ ಜುಮ್ಮೆಂದಿತು. ಅವತ್ತು ಟಿಕೆಟ್ ಕೂಡ ಇರಲಿಲ್ಲ. ರಾತ್ರಿಯ ದೊಡ್ಡ ಕಾರ್ಯಕ್ರಮಕ್ಕೆ ಟಿಕೆಟ್ ತಗೊಳ್ಳಬೇಕು.

ಅಪ್ಪ, ಅಮ್ಮ ಬಂದಾಗ ಅವರನ್ನು ಕರೆದುಕೊಂಡು ಹೋಗಿದ್ದೂ ಗ್ರೀನ್‌ಗೇ. ಹಗಲು ಹೊತ್ತು, ಕೂರಲು ಬೆಂಚು, ಹಿಂದೆ ಮರಗಳ ನೆರಳಿರುವ ಅಂಗಳ. ನೋಡಲು ಹಳೆಯ ಊರಿದೆ. ಊಟಕ್ಕೆ ಪಕ್ಕದಲ್ಲೇ, ಹಳೇ ಹತ್ತಿ ಗಿರಣಿಯ ಕಟ್ಟಡದಲ್ಲಿ ಗ್ರಿಸ್ಟ್‌ಮಿಲ್ ಹೋಟೆಲ್ ಇದೆ. ಬೇಸಿಗೆ ಬಿಟ್ಟು ಹೋಗಿ. ಟೆಕ್ಸಸ್‌ನ ಆಗಸ್ಟ್ ಬಿಸಿಲು ತಗಡಿನ ಮಾಡಿನ ಕೆಳಗೆ ವಯಸ್ಸಾದವರಿಗೆ ಆಗಿಬರುವುದಿಲ್ಲ.

ಆದರೆ ಗ್ರೀನ್‌ನಲ್ಲಿ ನಾನು ನಾಲ್ಕು ಸಲ ಹೋದಾಗ ಮೂರು ಸಲ ಬರೀ ಕೇಳಿ ಬಂದಿದ್ದೇನೆ. ದೂರದೂರದಿಂದ ಬಂದವರು ವೇದಿಕೆಯ ಮುಂದೆ ನಿಂತು ಹಾಡುಗಾರರನ್ನೇ ನೋಡುತ್ತಿರುತ್ತಾರೆ. ಕುಣಿಯುವ ಜೋಡಿಗಳು ಸಿಕ್ಕ ಜಾಗದಲ್ಲಿ ಸುತ್ತುತ್ತಾರೆ. ಅದು ತಪ್ಪಲ್ಲ. ಆದರೆ ಈ ಸಂಗೀತ ಹುಟ್ಟಿದ್ದು ಕಾಲಿಗೋಸ್ಕರ. ಅದು ನನಗೆ ಅರ್ಥವಾಗಿದ್ದು ಸ್ಪೋಕ್‌ನಲ್ಲಿ.

ಬ್ರೋಕನ್ ಸ್ಪೋಕ್ ಇರುವುದು ಆಸ್ಟಿನ್‌ನ ಸೌತ್ ಲಾಮಾರ್ ರಸ್ತೆಯಲ್ಲಿ. ಜೇಮ್ಸ್ ವೈಟ್ ಸೈನ್ಯದ ಕೆಲಸ ಮುಗಿಸಿ ಬಂದು 1964ರಲ್ಲಿ ಶುರು ಮಾಡಿದರು. ಆಗ ಅವರಿಗೆ 25 ವರ್ಷ. 2021ರ ಜನವರಿಯಲ್ಲಿ ತೀರಿಕೊಂಡರು. ಈಗಲೂ ಮನೆಯವರೇ ನಡೆಸಿಕೊಂಡು ಹೋಗುತ್ತಿದ್ದಾರೆ. ಎರಡೂ ಕಡೆ ಹೊಸ ಅಪಾರ್ಟ್‌ಮೆಂಟ್‌ಗಳು ಎದ್ದಿವೆ. ನಡುವೆ ಈ ಕೆಂಪು ಬಣ್ಣದ ತಗ್ಗು ಕಟ್ಟಡ ಹಾಗೇ ಕೂತಿದೆ. ವೆಸ್ಟರ್ನ್ ಸ್ವಿಂಗ್ ಅನ್ನುವ ಕುಣಿತದ ಕಂಟ್ರಿ ಶೈಲಿಗೆ ದೊರೆ ಅನ್ನಿಸಿಕೊಂಡ ಬಾಬ್ ವಿಲ್ಸ್ ಇಲ್ಲಿ ನುಡಿಸಿದ್ದಾರೆ. ಅವರ ಕೈಯಲ್ಲಿದ್ದದ್ದೂ ಫಿಡ್ಲ್. ಎರ್ನೆಸ್ಟ್ ಟಬ್, ವಿಲ್ಲಿ ನೆಲ್ಸನ್ ಕೂಡ ಇಲ್ಲಿ ಹಾಡಿದ್ದಾರೆ.

ನೋಡುವುದಕ್ಕೆ ಗ್ರೀನ್‌ನ ಚೆಂದ ಇದಕ್ಕಿಲ್ಲ. ಮಾಡು ಎಷ್ಟು ತಗ್ಗು ಅಂದರೆ ವೇದಿಕೆಯ ಮೇಲಿನ ಎತ್ತರದ ಟೋಪಿಗಳು ತಾಗುತ್ತವೇನೋ ಅನಿಸುತ್ತದೆ. ಜಾಗವೆಲ್ಲ ಕುಣಿಯುವವರಿಗೇ ಬಿಟ್ಟಿದ್ದು. ನಡುವೆ ಉದ್ದಕ್ಕೆ ಖಾಲಿ ನೆಲ, ಎರಡು ಬದಿಗೆ ಮೇಜು, ತುದಿಯಲ್ಲಿ ಬ್ಯಾಂಡ್. ಅಂದರೆ ಕೂತವರು ನೋಡುವುದು ಹಾಡುವವರನ್ನಲ್ಲ, ಕುಣಿಯುವವರನ್ನು. ಜೋಡಿಗಳು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತವೆ. ನಮ್ಮ ಪ್ರದಕ್ಷಿಣೆಗೆ ಉಲ್ಟಾ. ಬೇಗ ಹೋಗುವವರು ಹೊರಗಿನ ಸುತ್ತಿನಲ್ಲಿ, ನಿಧಾನದವರು ಒಳಗಿನ ಸುತ್ತಿನಲ್ಲಿ. ಇಷ್ಟು ಗೊತ್ತಿದ್ದರೆ ಯಾರಿಗೂ ಡಿಕ್ಕಿ ಆಗುವುದಿಲ್ಲ.

ಬ್ಯಾಂಡ್ ಶುರುವಾಗುವ ಮುಂಚೆ ಹೊಸಬರಿಗೆ ಡಾನ್ಸ್ ಪಾಠ ಇರುತ್ತದೆ. ನಾನು, ನನ್ನ ಹೆಂಡತಿ ಟೂ-ಸ್ಟೆಪ್ ಅನ್ನುವ ಜೋಡಿ ಕುಣಿತ ಕಲಿತದ್ದು ಅಲ್ಲೇ. ಬೇಗ, ಬೇಗ, ನಿಧಾನ, ನಿಧಾನ. ಅಷ್ಟೇ. ಅವಳಿಗೆ ಹತ್ತು ನಿಮಿಷದಲ್ಲಿ ಬಂತು. ನನಗೆ ಬರಲಿಲ್ಲ, ಯಾಕೆಂದರೆ ನಾನು ತಾಳ ಹಾಕುತ್ತಿದ್ದೆ. ಹಾಡು ನಾಲ್ಕು ಎಣಿಕೆಯದ್ದು. ಹೆಜ್ಜೆ ನೋಡಿದರೆ ಒಂದು, ಒಂದು, ಎರಡು, ಎರಡು, ಒಟ್ಟು ಆರು. ನಾಲ್ಕರ ಮೇಲೆ ಆರು! ಹಾಡಿನ ಮೂರು ಸುತ್ತು ಮುಗಿಯುವಾಗ ಹೆಜ್ಜೆಯ ಎರಡು ಸುತ್ತು ಮುಗಿಯುತ್ತದೆ, ಹನ್ನೆರಡಕ್ಕೆ ಎರಡೂ ಬಂದು ಕೂಡುತ್ತವೆ. ಕಛೇರಿಯಲ್ಲಿ ಮೃದಂಗದವರು ಬೇರೆ ಲೆಕ್ಕದಲ್ಲಿ ಓಡಾಡಿ ಸರಿಯಾಗಿ ಸಮಕ್ಕೆ ಬಂದು ಇಳಿಯುತ್ತಾರಲ್ಲ, ಹಾಗೆ. ಅಲ್ಲಿ ಎಪ್ಪತ್ತು ದಾಟಿದ ದಂಪತಿ ಬಿಯರ್ ಕೆಳಗಿಟ್ಟು ಎದ್ದು, ಮಾತಾಡುತ್ತಲೇ ಈ ಲೆಕ್ಕವನ್ನು ಕಾಲಲ್ಲಿ ನಡೆಸುತ್ತಿದ್ದರು. ಅಜ್ಜನ ಬೂಟು ನೆಲ ಬಿಡಲೇ ಇಲ್ಲ, ಬರೀ ಜಾರಿಕೊಂಡು ಹೋಗುತ್ತಿತ್ತು. ಅವರ ಬೂಟನ್ನೇ ನೋಡುತ್ತಾ ಮೂರು ಹಾಡು ಕಳೆದೆ. ನಾಲ್ಕನೆಯದಕ್ಕೆ ಎಣಿಸುವುದು ಬಿಟ್ಟೆ. ಕಾಲು ತಾನೇ ಹೋಯಿತು. ಅವತ್ತು ಡ್ರಮ್ ಯಾಕೆ ಅಷ್ಟು ಸರಳ, ಸ್ಟೀಲ್ ಗಿಟಾರ್ ಯಾಕೆ ಅಷ್ಟು ಜಾಗ ಬಿಟ್ಟು ನುಡಿಸುತ್ತದೆ ಅಂತ ಗೊತ್ತಾಯಿತು. ಉಳಿದದ್ದನ್ನು ನೆಲದ ಮೇಲಿನ ಕಾಲುಗಳು ತುಂಬುತ್ತವೆ.

ವಾಲ್ಟ್ಜ್ ಬಂದರೆ ಹೆದರಬೇಡಿ. ಮೂರು ಎಣಿಕೆ, ನಮಗೆ ಸುಲಭ.

ಊಟದ ವಿಷಯ ಒಂದು ಮಾತು. ಸ್ಪೋಕ್‌ನಲ್ಲಿ ಹೆಸರುವಾಸಿ ತಿಂಡಿ ಚಿಕನ್ ಫ್ರೈಡ್ ಸ್ಟೇಕ್. ಹೆಸರಲ್ಲಿ ಚಿಕನ್ ಇದ್ದರೂ ಅದು ದನದ ಮಾಂಸ, ಚಿಕನ್ ಥರ ಹಿಟ್ಟು ಹಚ್ಚಿ ಕರಿದದ್ದು. ಟೆಕ್ಸಸ್‌ನ ಯಾವ ಹೋಟೆಲ್‌ನಲ್ಲೂ ಅದು ಹಾಗೇ. ಗೊತ್ತಿಲ್ಲದೆ ಹೇಳಿ ಆಮೇಲೆ ಪೇಚಾಡಿದವರನ್ನು ನೋಡಿದ್ದೇನೆ. ಸಸ್ಯಾಹಾರಿಗಳು ಮನೆಯಲ್ಲಿ ಉಂಡೇ ಹೋಗುವುದು ಒಳ್ಳೆಯದು.

ಈ ಎರಡನ್ನು ಬಿಟ್ಟರೆ, ನಗರದ ನಡುವಿನ ಒಂದು ಹೊಸ ದೊಡ್ಡ ಬಾರ್‌ಗೂ ಹೋಗಿದ್ದೆ. ಗೋಡೆ ತುಂಬ ಟೀವಿ, ಬ್ಯಾಂಡ್ ನುಡಿಸುತ್ತಿದ್ದಾಗಲೂ ಆಟದ ಕಾಮೆಂಟರಿ ಜೋರಾಗಿತ್ತು. ಅರ್ಧ ಗಂಟೆಗೆ ಎದ್ದು ಬಂದೆ. ಲಕೆನ್‌ಬಾಕ್ ಹಾಗಲ್ಲ. ಅದು ಪಶ್ಚಿಮದ ಗುಡ್ಡಗಳ ನಡುವಿನ ಪುಟ್ಟ ಜಾಗ. ಒಂದು ಡಾನ್ಸ್‌ಹಾಲ್, ಒಂದು ಹಳೇ ಅಂಚೆಮನೆ, ಓಕ್ ಮರಗಳು. ಮರದ ಕೆಳಗೆ ಗಿಟಾರ್ ಹಿಡಿದವರು ಸುತ್ತ ಕೂತು ಸರದಿಯಲ್ಲಿ ಹಾಡುತ್ತಾರೆ. ಒಂದು ದಿನ ಪೂರ್ತಿ ಬಿಡುವಿದ್ದರೆ ಹೋಗಿ. ಈ ಹೋಲಿಕೆಯಲ್ಲಿ ಅದನ್ನು ಸೇರಿಸಿಲ್ಲ, ಯಾಕೆಂದರೆ ಅಲ್ಲಿ ನಾನು ಇನ್ನೂ ಹಾಲ್ ಒಳಗೆ ಕುಣಿದಿಲ್ಲ.

ಮಕ್ಕಳಿದ್ದವರು ಮಕ್ಕಳನ್ನು ಬಿಟ್ಟು ಹೋಗಬೇಕಾ ಅಂತ ಕೇಳುತ್ತಾರೆ. ಟೆಕ್ಸಸ್‌ನ ಹಳೇ ಹಾಲ್‌ಗಳನ್ನು ಕಟ್ಟಿದ ಜರ್ಮನ್, ಚೆಕ್ ರೈತರು ಸಂಸಾರ ಸಮೇತ ಬರುತ್ತಿದ್ದರು. ಮಕ್ಕಳನ್ನು ಗೋಡೆಯ ಬದಿಗೆ ಕಂಬಳಿ ಹಾಸಿ ಮಲಗಿಸಿ ಅಪ್ಪ, ಅಮ್ಮ ಕುಣಿಯುತ್ತಿದ್ದರು. ನನ್ನ ಹೆಂಡತಿ ಸಾಗರದವಳು. ಅವಳಿಗೆ ಇದು ಕೇಳಿದ ಕೂಡಲೇ ಯಕ್ಷಗಾನದ ಆಟ ನೆನಪಾಯಿತು. ಚಾಪೆ ಮೇಲೆ ನಿದ್ದೆ ಹೋಗಿ, ಚಂಡೆ ಜೋರಾದಾಗ ಎದ್ದು ನೋಡಿ, ಮತ್ತೆ ಅಜ್ಜಿಯ ಸೆರಗು ಹೊದ್ದು ಮಲಗುತ್ತಿದ್ದಳಂತೆ. ಈಗ ಹಾಗೆ ಮಲಗಿಸುವವರು ಕಾಣುವುದಿಲ್ಲ. ಆದರೆ ಗ್ರೀನ್‌ನ ಮಧ್ಯಾಹ್ನಕ್ಕೆ ನಮ್ಮ ಮಗಳು ಬರುತ್ತಾಳೆ, ನನ್ನ ಪಾದದ ಮೇಲೆ ನಿಂತು ಒಂದೆರಡು ಸುತ್ತು ಹಾಕುತ್ತಾಳೆ.

ಇನ್ನು ಕಾಲಿಗೆ ಏನು ಹಾಕಿಕೊಳ್ಳಬೇಕು ಅನ್ನುವುದು. ರಬ್ಬರ್ ಅಟ್ಟೆಯ ಸ್ಪೋರ್ಟ್ಸ್ ಶೂ ನೆಲಕ್ಕೆ ಕಚ್ಚುತ್ತದೆ, ತಿರುಗುವಾಗ ಮಂಡಿ ನೋಯುತ್ತದೆ. ಕೌಬಾಯ್ ಬೂಟು ಇಲ್ಲದಿದ್ದರೂ ಸರಿ, ಚರ್ಮದ ಅಟ್ಟೆ ಇರಬೇಕು. ಮುಂದಿನ ತಿಂಗಳು ಅಕ್ಕ, ಭಾವ ಬರುತ್ತಿದ್ದಾರೆ. ಮೊದಲ ಶನಿವಾರವೇ ಸ್ಪೋಕ್ ಅಂತ ಗೊತ್ತು ಮಾಡಿಯಾಗಿದೆ. ಭಾವನಿಗೆ ಫೋನ್ ಮಾಡಿ, ಮದುವೆಯಲ್ಲಿ ಹಾಕಿಕೊಂಡಿದ್ದ ಆ ಹಳೇ ಚರ್ಮದ ಶೂ ಪೆಟ್ಟಿಗೆಯಲ್ಲಿ ಹಾಕಿಕೊಂಡು ಬನ್ನಿ ಅಂತ ಹೇಳಿದ್ದೇನೆ.