ಮಳೆಗಾಲದಲ್ಲಿ ಕುರುವಪುರಕ್ಕೆ ಹೊರಟಿದ್ದೀರಾ? ಮೊದಲು ಇದನ್ನು ಓದಿ

"ಬೆಳಿಗ್ಗೆ ಕುರುವಪುರ, ಸಂಜೆ ರಾಯಚೂರು ಕೋಟೆ, ಒಂದೇ ದಿನದಲ್ಲಿ ಎರಡೂ ಮುಗಿಯುತ್ತೆ" ಅಂತ ಗಾಡಿ ಗೊತ್ತು ಮಾಡಿಕೊಟ್ಟವರು ಹೇಳಿದರು. ಹೋದ ಆಗಸ್ಟ್‌ನಲ್ಲಿ ಅದನ್ನು ನಂಬಿ ಅಮ್ಮನನ್ನು ಕರೆದುಕೊಂಡು ಹೊರಟೆ. ದಯವಿಟ್ಟು ನೀವು ಹಾಗೆ ಮಾಡಬೇಡಿ.

ಕುರುವಪುರ ರಾಯಚೂರಿನ ಹತ್ತಿರ ಕೃಷ್ಣಾ ನದಿಯ ಪುಟ್ಟ ನಡುಗಡ್ಡೆ. ದತ್ತಾತ್ರೇಯರ ಅವತಾರ ಅಂತ ಭಕ್ತರು ನಂಬುವ ಶ್ರೀಪಾದ ಶ್ರೀವಲ್ಲಭರು ಇದ್ದ ಜಾಗ, ಅಮ್ಮನಿಗೆ ಎಷ್ಟೋ ವರ್ಷದ ಆಸೆ. ಆತ್ಕೂರು ಕಡೆಯಿಂದ ತೆಪ್ಪದಲ್ಲಿ ದಾಟಬೇಕು. ಇಲ್ಲಿ ಮಳೆ ಬಂದಿದೆಯಾ ಇಲ್ವಾ ಅನ್ನೋದು ಲೆಕ್ಕಕ್ಕೇ ಬರಲ್ಲ. ಮೇಲೆ ಮಹಾರಾಷ್ಟ್ರದಲ್ಲಿ ಜಾಸ್ತಿ ಮಳೆಯಾಗಿ ಆಲಮಟ್ಟಿ ಡ್ಯಾಮ್ ತುಂಬಿದರೆ, ಅದರ ಕೆಳಗಿನ ನಾರಾಯಣಪುರದ ಬಸವಸಾಗರ ಡ್ಯಾಮಿನಿಂದ ನೀರು ಬಿಡುತ್ತಾರೆ, ಆಗ ನಿಮ್ಮ ತಲೆ ಮೇಲೆ ಸುಡು ಬಿಸಿಲಿದ್ದರೂ ಹೊಳೆ ಏರುತ್ತಲೇ ಇರುತ್ತದೆ.

ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಅಜ್ಜಿಯೊಬ್ಬರು ನನಗೆ ಹೇಳಿದ್ದರು: "ಡ್ಯಾಮಿನಿಂದ ನೀರು ಬಿಟ್ಟಾರಂತ್ರೀ, ವಯಸ್ಸಾದವರನ್ನ ಕರ್ಕೊಂಡು ಹೋಗಬ್ಯಾಡ್ರಿ." ಡ್ರೈವರ್ "ಅರ್ಧ ಗಂಟೇಲಿ ಬಂದುಬಿಡಿ ಸರ್, ಕೋಟೆಗೆ ತಡ ಆಗುತ್ತೆ" ಎಂದು ಅವಸರ ಮಾಡಿದ. ನಾನು ಅವನ ಮಾತು ಕೇಳಿದೆ.

ತೆಪ್ಪದಲ್ಲಿ ಲೈಫ್ ಜಾಕೆಟ್ ಒಂದೂ ಇರಲಿಲ್ಲ. ತಳಕ್ಕೆ ಹಾಕಿದ್ದ ಟಾರಿನ ತೇಪೆ ಒಂದು ಮೂಲೆಯಲ್ಲಿ ಎದ್ದಿತ್ತು, ಅಲ್ಲಿಂದ ನೀರು ಜಿನುಗಿ ಅಮ್ಮನ ಸೀರೆಯ ಅಂಚು ಒದ್ದೆಯಾಯಿತು. ನಡು ಹೊಳೆಯಲ್ಲಿ ತೆಪ್ಪ ಗಿರ್ರನೆ ತಿರುಗಿದಾಗ ಅಮ್ಮ ನನ್ನ ಮಣಿಕಟ್ಟು ಹಿಡಿದದ್ದು ಆಮೇಲೂ ಸುಮಾರು ಹೊತ್ತು ನೋಯುತ್ತಿತ್ತು.

ದರ್ಶನ ಮುಗಿಸಿ, ದತ್ತ ಪರಂಪರೆಯ ಸನ್ಯಾಸಿ ಟೆಂಬೆ ಸ್ವಾಮಿಗಳ ಗುಹೆ ನೋಡಿ ದಡಕ್ಕೆ ಬಂದರೆ ತೆಪ್ಪ ನಿಲ್ಲಿಸಿದ್ದರು. ಬೆಳಿಗ್ಗೆ ನಾವು ಇಳಿದ ಬಂಡೆ ಮುಳುಗಿಹೋಗಿತ್ತು. ಅಮ್ಮನ ಸಕ್ಕರೆ ಕಾಯಿಲೆ ಮಾತ್ರೆ ಆಚೆ ದಡದ ಕಾರಿನಲ್ಲಿ. ಊರಿನವರು ರೊಟ್ಟಿ, ಮಜ್ಜಿಗೆ ಕೊಟ್ಟು ಮಲಗಲು ಜಾಗ ಮಾಡಿಕೊಟ್ಟರು, ಅವರ ಋಣ ತೀರಿಸೋಕೆ ಆಗಲ್ಲ. ರಾತ್ರಿಯಿಡೀ ಅಮ್ಮನಿಗೆ ತಲೆಸುತ್ತು, ನಾನು ಅವರ ಪಕ್ಕದಲ್ಲೇ ಕೂತಿದ್ದೆ. ದಾಟಿದ್ದು ಮರುದಿನ ಮಧ್ಯಾಹ್ನ.

ಕೋಟೆ ಕೂಡ ಓಡೋಡಿ ನೋಡುವಂಥದ್ದಲ್ಲ. 1294ರ ಶಾಸನ ಇರುವ ಆ ಒಂದೇ ಕಲ್ಲು 41 ಅಡಿಯಷ್ಟು ಉದ್ದ ಇದೆ, ಅದನ್ನು ಗಾಡಿಯಲ್ಲಿ ಎಳೆದು ತಂದ ಚಿತ್ರವನ್ನೂ ಗೋಡೆಯಲ್ಲಿ ಕೆತ್ತಿದ್ದಾರೆ. ಕೋಟೆಯ ಬೆಟ್ಟ ಹತ್ತೋಕೆ ಬೇರೆ ದಿನವೇ ಇಟ್ಟುಕೊಳ್ಳಿ.

ಕುರುವಪುರಕ್ಕೆ ದೀಪಾವಳಿ ಕಳೆದ ಮೇಲೆ ಹೋಗಿ. ಹೊರಡುವ ಮುಂಚೆ ಡ್ಯಾಮಿನಿಂದ ನೀರು ಬಿಟ್ಟಿದ್ದಾರಾ ಅಂತ ವಿಚಾರಿಸಿ, ದಡದ ಊರಿನವರು ಬೇಡ ಅಂದರೆ ಅಲ್ಲಿಂದಲೇ ವಾಪಸ್ ಬನ್ನಿ. ಮಾತ್ರೆ ಡಬ್ಬಿಯನ್ನು ಕಾರಿನಲ್ಲಿ ಬಿಡಬೇಡಿ.