ಹಾಸಿಗೆ ಹಿಡಿದ ಹಿರಿಯರಿಗೆ ಏರ್ ಬೆಡ್: ಗುಳ್ಳೆಯದೋ, ಕೊಳವೆಯದೋ?

ಪಾರ್ಶ್ವವಾಯುವಿನಿಂದಲೋ ಸೊಂಟದ ಮೂಳೆ ಮುರಿದೋ ತಾವಾಗಿ ಮಗ್ಗುಲು ಬದಲಿಸಲಾರದ ಹಿರಿಯರನ್ನು ಆಸ್ಪತ್ರೆಯಿಂದ ಮನೆಗೆ ಕಳುಹಿಸುವಾಗ, ವೈದ್ಯರ ಚೀಟಿಯಲ್ಲಿ ಮಾತ್ರೆಗಳ ಕೆಳಗೆ ‘ಏರ್ ಬೆಡ್’ (ಮಾಮೂಲಿ ಹಾಸಿಗೆಯ ಮೇಲೆ ಹಾಸುವ ಗಾಳಿ ಹಾಸಿಗೆ) ಎಂಬ ಸಾಲೊಂದು ಇರುವುದು ಸಾಮಾನ್ಯ. ಯಾವ ಬಗೆಯದನ್ನು ತರಬೇಕು, ತಂದ ಮೇಲೆ ಅದನ್ನು ಹೇಗೆ ಬಳಸಬೇಕು ಎಂಬುದನ್ನು ಮಾತ್ರ ವಿವರಿಸುವವರು ಕಡಿಮೆ. ನಮ್ಮ ತಂದೆಯವರಿಗಾಗಿ ಮೊದಲು ಗುಳ್ಳೆಗಳ ಹಾಸಿಗೆಯನ್ನೂ ಅನಂತರ ಕೊಳವೆಗಳ ಹಾಸಿಗೆಯನ್ನೂ ಬಳಸಿದ ಅನುಭವದಿಂದ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಕಂಪನಿಗಳ ಹೆಸರು ಇಲ್ಲಿ ಮುಖ್ಯವಲ್ಲ. ಹಾಸಿಗೆಯ ಬಗೆ ಮುಖ್ಯ.

ಎರಡರ ಕೆಲಸದ ತತ್ತ್ವ ಒಂದೇ. ಮಂಚದ ಕಾಲ್ಬದಿಗೆ ನೇತುಹಾಕುವ ಪುಟ್ಟ ಮೋಟಾರು ಎರಡು ಪೈಪುಗಳ ಮೂಲಕ ಸರದಿಯಂತೆ ಗಾಳಿ ತುಂಬುತ್ತದೆ. ಒಂದು ಸಾಲು ಉಬ್ಬಿದಾಗ ಪಕ್ಕದ ಸಾಲು ಇಳಿಯುತ್ತದೆ, ಸುಮಾರು ಹತ್ತು ನಿಮಿಷಗಳಲ್ಲಿ ಇದು ಅದಲುಬದಲಾಗುತ್ತದೆ. ಚರ್ಮದ ಒಂದೇ ಜಾಗದ ಮೇಲೆ ದೇಹದ ಭಾರ ಗಂಟೆಗಟ್ಟಲೆ ಬಿದ್ದು, ಅಲ್ಲಿಗೆ ರಕ್ತ ಹರಿಯದೆ ಹುಣ್ಣಾಗುವುದನ್ನು ತಡೆಯುವುದೇ ಇದರ ಉದ್ದೇಶ. ಬೆನ್ನಿನ ತುದಿಯ ಮೂಳೆ, ಸೊಂಟದ ಪಕ್ಕಗಳು, ಹಿಮ್ಮಡಿ, ಹೆಗಲ ಮೂಳೆ, ತಲೆಯ ಹಿಂಭಾಗ ಇವು ಅಪಾಯದ ಜಾಗಗಳು.

ಗುಳ್ಳೆಯ ಹಾಸಿಗೆ ಅಗ್ಗ. ಎರಡು ಮೂರು ಸಾವಿರ ರೂಪಾಯಿಗೆ ಸಿಗುತ್ತದೆ. ಆದರೆ ಗುಳ್ಳೆಗಳ ಎತ್ತರ ಕಡಿಮೆಯಾದ್ದರಿಂದ ಮೈಭಾರ ಹೆಚ್ಚಿರುವವರ ಸೊಂಟ ಕೆಳಗಿನ ಹಾಸಿಗೆಗೆ ತಾಗಿಬಿಡುತ್ತದೆ. ಆಗ ಮೋಟಾರು ಗುಂಯ್‌ಗುಡುತ್ತಿದ್ದರೂ ಪ್ರಯೋಜನ ಅಷ್ಟಕ್ಕಷ್ಟೆ. ಒಂದು ಕಡೆ ತೂತಾದರೆ ಅದರೊಂದಿಗೆ ಸೇರಿದ ಗುಳ್ಳೆಗಳೆಲ್ಲ ಕುಸಿಯುತ್ತವೆ. ಬಳೆ, ಪಿನ್ನು, ಉಗುರು, ಯಾವುದಾದರೂ ಸಾಕು. ತೇಪೆ ಹಾಕಬಹುದಾದರೂ ಅದು ಬಹುಕಾಲ ನಿಲ್ಲಲಿಲ್ಲ. ಕೊಳವೆಯ ಹಾಸಿಗೆಗೆ ಇದರ ಎರಡು ಮೂರು ಪಟ್ಟು ಬೆಲೆಯಿದ್ದರೂ, ಅಡ್ಡಡ್ಡ ಜೋಡಿಸಿದ ಕೊಳವೆಗಳಲ್ಲಿ ಕೆಟ್ಟದ್ದೊಂದನ್ನೇ ತೆಗೆದು ಬೇರೆ ಹಾಕುವ ಅನುಕೂಲ ಬಹುತೇಕ ಮಾದರಿಗಳಲ್ಲಿ ಇದೆ. ಆರೈಕೆ ತಿಂಗಳುಗಟ್ಟಲೆ ನಡೆಯುವುದೆಂದು ತಿಳಿದಿದ್ದರೆ ಮೊದಲೇ ಕೊಳವೆಯದನ್ನು ಕೊಳ್ಳುವುದು ಲೇಸು. ಕೆಲವೇ ವಾರಗಳ ಮಾತಾದರೆ ಬಾಡಿಗೆಗೆ ತನ್ನಿ.

ಹಾಗೆಂದು ಇದು ಎಲ್ಲ ಹಿರಿಯರಿಗೂ ಬೇಕಾದ ವಸ್ತುವಲ್ಲ. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ 2,029 ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹುಣ್ಣು ತಡೆಯುವುದರಲ್ಲಿ ಗಾಳಿ ಹಾಸಿಗೆಗೂ ಆಸ್ಪತ್ರೆ ದರ್ಜೆಯ ಉತ್ತಮ ಫೋಮ್ ಹಾಸಿಗೆಗೂ ನಡುವೆ ಕಂಡ ವ್ಯತ್ಯಾಸ ಸಣ್ಣದು. ನಮ್ಮ ಮನೆಗಳ ಹಳೆಯ ಹತ್ತಿ ಹಾಸಿಗೆ ಆ ದರ್ಜೆಯದಲ್ಲ ಎಂಬುದನ್ನು ಮರೆಯಬಾರದು, ನಿಜ. ಆದರೂ ತಾವೇ ಹೊರಳಬಲ್ಲವರಿಗೆ, ಅದರಲ್ಲೂ ಎದ್ದು ನಾಲ್ಕು ಹೆಜ್ಜೆ ನಡೆಯಬಲ್ಲವರಿಗೆ ಏರ್ ಬೆಡ್ ತೊಂದರೆಯನ್ನೇ ಕೊಡಬಹುದು: ಅಂಚು ಗಟ್ಟಿ ಇಲ್ಲದ್ದರಿಂದ ಕೂತು ಏಳುವುದು ಕಷ್ಟ, ಜಾರಿ ಬೀಳುವ ಭಯ ಬೇರೆ.

ಅಂಗಡಿಯಲ್ಲಿ ಇದನ್ನು ಮಾರುವಾಗ ‘ಇದಿದ್ದರೆ ಮಗ್ಗುಲು ಬದಲಿಸುವ ಗೋಜಿಲ್ಲ’ ಎನ್ನುವ ಮಾತನ್ನು ನಾನು ಕೇಳಿದ್ದೇನೆ. ಇದು ಶುದ್ಧ ಸುಳ್ಳು. ಏರ್ ಬೆಡ್ ಮೇಲೆಯೂ ಮಗ್ಗುಲು ಬದಲಿಸಲೇಬೇಕು. ಎರಡು ಗಂಟೆಗೊಮ್ಮೆ ಎಂಬುದು ರೂಢಿಯ ಲೆಕ್ಕ. ರಾತ್ರಿಯ ಅಂತರ ಎಷ್ಟಿರಬಹುದೆಂಬುದನ್ನು ಚರ್ಮದ ಸ್ಥಿತಿ ನೋಡಿದ ವೈದ್ಯರಿಂದಲೋ ನರ್ಸ್ ಅವರಿಂದಲೋ ಕೇಳಿ ತಿಳಿಯಬೇಕು. ಪೂರ್ತಿ ಪಕ್ಕಕ್ಕೆ ಹೊರಳಿಸಿದರೆ ಭಾರವೆಲ್ಲ ಸೊಂಟದ ಮೂಳೆಯ ಮೇಲೆ ಬೀಳುವುದರಿಂದ, ಬೆನ್ನಿಗೆ ದಿಂಬು ಕೊಟ್ಟು 30 ಡಿಗ್ರಿಯಷ್ಟು ಮಾತ್ರ ವಾಲಿಸುವುದು ಸರಿಯಾದ ಕ್ರಮ. ಹಿಮ್ಮಡಿಯನ್ನಂತೂ ಯಾವ ಹಾಸಿಗೆಯನ್ನೂ ನಂಬಿ ಬಿಡುವಂತಿಲ್ಲ. ಮೀನಖಂಡದ ಉದ್ದಕ್ಕೂ ದಿಂಬಿಟ್ಟು ಹಿಮ್ಮಡಿ ಎಲ್ಲಿಗೂ ತಾಗದಂತೆ ಮಾಡಬೇಕು.

ಬಳಕೆಯಲ್ಲಿ ನಾವು ಕಂಡ ಅತಿ ಉಪಯುಕ್ತ ಪರೀಕ್ಷೆ ಕೈಯದು. ಹಿರಿಯರು ಮಲಗಿರುವಾಗ ಗಾಳಿ ಹಾಸಿಗೆಗೂ ಕೆಳಗಿನ ಹಾಸಿಗೆಗೂ ನಡುವೆ, ಸೊಂಟದ ಕೆಳಗೆ, ಅಂಗೈ ಮೇಲಾಗಿ ಕೈ ತೂರಿಸಿ ನೋಡಬೇಕು. ಮೂಳೆ ಕೈಗೆ ತಾಗಿದರೆ ಗಾಳಿ ಸಾಲದು. ಸುಮಾರು ಒಂದು ಅಂಗುಲ ದಪ್ಪದ ಗಾಳಿಯಾದರೂ ನಡುವೆ ಇರಬೇಕು. ಮೋಟಾರಿನ ತಿರುಗುಗುಂಡಿಯನ್ನು ಮೈತೂಕಕ್ಕೆ ತಕ್ಕಂತೆ ಇಡಬೇಕೇ ಹೊರತು, ಗಟ್ಟಿಯಾದಷ್ಟೂ ಒಳ್ಳೆಯದೆಂದು ಕೊನೆಯವರೆಗೆ ತಿರುಗಿಸಬಾರದು. ಮೇಲೆ ಒಂದೇ ಒಂದು ತೆಳುವಾದ ಹತ್ತಿಯ ಹೊದಿಕೆ, ಅದೂ ಬಿಗಿಯಾಗಿ ಎಳೆಯದೆ. ಕಂಬಳಿ, ರೆಕ್ಸಿನ್, ಅದರ ಮೇಲೊಂದು ಜಮಖಾನೆ ಹಾಸಿದರೆ ಗಾಳಿಯ ಏರಿಳಿತ ಮೈಗೆ ತಲುಪುವುದೇ ಇಲ್ಲ. ಮೋಟಾರಿಗೆ ಬೇಕಾಗುವ ವಿದ್ಯುತ್ತು ತೀರ ಕಡಿಮೆಯಾದ್ದರಿಂದ ಮನೆಯ ಇನ್ವರ್ಟರ್‌ಗೆ ಜೋಡಿಸಿಬಿಡಿ. ಮಳೆಗಾಲದಲ್ಲಿ ದಿನವಿಡೀ ಕರೆಂಟು ಹೋಗುವ ಮಲೆನಾಡಿನ ಊರುಗಳಲ್ಲಿ ಇದು ಅನಿವಾರ್ಯ.

ಮೈ ಬೆವರುವುದು ಈ ಹಾಸಿಗೆಯ ದೊಡ್ಡ ದೋಷ. ಮೊದಮೊದಲು ತಂದೆಯವರು ದೋಣಿಯಲ್ಲಿ ಮಲಗಿದಂತಾಗುತ್ತದೆಂದು ಬೇಸರಿಸಿದರು. ಅದು ರೂಢಿಯಾಯಿತು, ಬೆವರು ಮಾತ್ರ ಬೇಸಿಗೆಯುದ್ದಕ್ಕೂ ಕಾಡಿತು. ಒದ್ದೆಯಾದ ಡೈಪರ್ ಇದರ ಜೊತೆ ಸೇರಿದರೆ ಚರ್ಮ ಬಹಳ ಬೇಗ ಮೆತ್ತಗಾಗಿ ಸುಲಿಯುತ್ತದೆ. ಆದ್ದರಿಂದ ದಿನಕ್ಕೊಮ್ಮೆ, ಮೈ ಒರೆಸುವ ಹೊತ್ತಿನಲ್ಲಿ, ಬೆನ್ನು ಮತ್ತು ಹಿಮ್ಮಡಿಗಳನ್ನು ಬೆಳಕಿನಲ್ಲಿ ನೋಡುವುದು ಅಗತ್ಯ. ಒತ್ತಿದರೂ ಬಿಳಿಚಿಕೊಳ್ಳದ ಕೆಂಪು ಕಲೆ ಹುಣ್ಣಿನ ಮೊದಲ ಗುರುತು. ಕಪ್ಪು ಮೈಬಣ್ಣದವರಲ್ಲಿ ಕೆಂಪು ಸ್ಪಷ್ಟವಾಗಿ ಕಾಣದಿರಬಹುದು. ಅಲ್ಲಿ ಬಿಸಿ, ಗಡಸು, ನೋವುಗಳನ್ನು ಮುಟ್ಟಿ ತಿಳಿಯಬೇಕು. ಅಂಥ ಜಾಗವನ್ನು ಎಣ್ಣೆ ಹಚ್ಚಿ ತಿಕ್ಕುವುದು ನಮ್ಮಲ್ಲಿ ಪ್ರೀತಿಯಿಂದ ಮಾಡುವ ಕೆಲಸವಾದರೂ ಒಳಗಿನ ಮಾಂಸಖಂಡಕ್ಕೆ ಹಾನಿ ಮಾಡಬಲ್ಲದು. ನಡುವೆ ತೂತಿರುವ ಉಂಗುರದಾಕಾರದ ದಿಂಬನ್ನೂ ಬಳಸಬಾರದು. ಅದರ ಅಂಚೇ ಸುತ್ತಲಿನ ರಕ್ತಸಂಚಾರವನ್ನು ತಡೆಯುತ್ತದೆ.

ಕೊಳ್ಳುವಾಗ ಹಾಸಿಗೆಗಿಂತ ಮೋಟಾರಿನ ಗ್ಯಾರಂಟಿಯನ್ನು ಹೆಚ್ಚು ವಿಚಾರಿಸಿ, ಅದರ ರಿಪೇರಿ ನಿಮ್ಮ ಊರಿನಲ್ಲೇ ಆಗುತ್ತದೆಯೇ ಎಂದು ಕೇಳಿ. ಬಿಡಿ ಕೊಳವೆಗಳು ಸಿಗುವುದಾದರೆ ಒಂದೆರಡನ್ನು ಅಂದೇ ತೆಗೆದಿಟ್ಟುಕೊಳ್ಳಿ. ಬಾಡಿಗೆಯದಾದರೆ ಅಂಗಡಿಯಲ್ಲೇ ಗಾಳಿ ತುಂಬಿಸಿ, ಅರ್ಧ ಗಂಟೆ ಕಾದು, ಎರಡೂ ಸರದಿಯ ಸಾಲುಗಳು ಏಳುವುದನ್ನು ಕಣ್ಣಾರೆ ನೋಡಿದ ಮೇಲೆಯೇ ಮುಂಗಡ ಕೊಡಿ.