ರೆಟ್ರೋಆರ್ಚ್‌ನಲ್ಲಿ 'ಮುಸ್ತಫಾ ಗೇಮ್': ನಾಲ್ಕು ವರ್ಷ ಬಳಸಿದ ಮೇಲೆ

ಹುಬ್ಬಳ್ಳಿಯ ಗೇಮ್ ಅಂಗಡಿಯಲ್ಲಿ ನಾವು ಇದನ್ನು 'ಮುಸ್ತಫಾ ಗೇಮ್' ಅಂತಲೇ ಕರೆಯುತ್ತಿದ್ದೆವು. ಹಳದಿ ಟೋಪಿ ಹಾಕಿಕೊಂಡು ಓಡಿ ಬಂದು ಒದೆಯುವವನು ಮುಸ್ತಫಾ. ಗೇಮ್‌ನ ನಿಜವಾದ ಹೆಸರು 'ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್', 1993ರಲ್ಲಿ ಕ್ಯಾಪ್‌ಕಾಮ್ ತಂದದ್ದು ಎಂದು ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಒಂದೇ ಮಶಿನ್ನಿನಲ್ಲಿ ಮೂವರು ಒಟ್ಟಿಗೆ ಆಡಬಹುದಿತ್ತು. ನಾನು, ದೊಡ್ಡಪ್ಪನ ಮಗ, ಪಕ್ಕದ ಮನೆಯ ಗೆಳೆಯ. ಮುಸ್ತಫಾ ಯಾರಿಗೆ ಅಂತ ದಿನಾ ಜಗಳ.

ಈಗ ಅಣ್ಣ ಮೈಸೂರಿನಲ್ಲಿ, ಗೆಳೆಯ ಮಸ್ಕತ್‌ನಲ್ಲಿ. ನಾಲ್ಕು ವರ್ಷದಿಂದ ಭಾನುವಾರ ರಾತ್ರಿ ಮೂವರೂ ರೆಟ್ರೋಆರ್ಚ್‌ನ ನೆಟ್‌ಪ್ಲೇಯಲ್ಲಿ ಸೇರುತ್ತೇವೆ. ರೆಟ್ರೋಆರ್ಚ್ ಅಂದರೆ ಹಳೆಯ ಗೇಮ್‌ಗಳನ್ನು ಆಡಿಸುವ ಸಾಫ್ಟ್‌ವೇರ್, ನೆಟ್‌ಪ್ಲೇ ಅಂದರೆ ಅದರಲ್ಲಿ ಇಂಟರ್ನೆಟ್ ಮೂಲಕ ಒಟ್ಟಿಗೆ ಆಡುವ ಸೌಲಭ್ಯ. ಒಳಗೆ ಗೇಮ್ ಓಡಿಸುವುದು ಎಫ್‌ಬಿ ನಿಯೋ ಎಂಬ ಎಮ್ಯುಲೇಟರ್, ಅಂದರೆ ಹಳೆಯ ಮಶಿನ್ನಿನಂತೆಯೇ ನಡೆದುಕೊಳ್ಳುವ ಪ್ರೋಗ್ರಾಂ.

ದುಡ್ಡು ಕೊಟ್ಟು ಅಸಲಿ ಗೇಮನ್ನೇ ತಗೋಬಹುದಲ್ವಾ ಎಂದು ಕೆಲವರು ಕೇಳುತ್ತಾರೆ. ಇದು ಅಮೆರಿಕದ ಒಂದು ಕಾಮಿಕ್ಸ್ ಆಧರಿಸಿದ ಗೇಮ್, ಪಾತ್ರಗಳು ಕ್ಯಾಪ್‌ಕಾಮ್‌ನ ಸ್ವಂತದ್ದಲ್ಲ. ಮನೆಯ ಕನ್ಸೋಲ್‌ಗೆ ಇದು ಬರಲೇ ಇಲ್ಲ. 2018ರಲ್ಲಿ ಕ್ಯಾಪ್‌ಕಾಮ್ ತನ್ನ ಏಳು ಹಳೆಯ ಹೊಡೆದಾಟದ ಗೇಮ್‌ಗಳನ್ನು ಒಟ್ಟು ಸೇರಿಸಿ ಮಾರಿತು. ಫೈನಲ್ ಫೈಟ್ ಇತ್ತು, ಕ್ಯಾಪ್ಟನ್ ಕಮಾಂಡೋ ಇತ್ತು. ಮುಸ್ತಫಾ ಇರಲಿಲ್ಲ. ಇನ್ನು ಅಂಗಡಿಯ ಮಶಿನ್ನಿನೊಳಗಿನ ಅಸಲಿ ಸರ್ಕ್ಯೂಟ್ ಬೋರ್ಡ್‌ನಲ್ಲಿ ಒಂದು ಪುಟ್ಟ ಬ್ಯಾಟರಿ ಇದೆ. ಸದ್ದು ನೋಡಿಕೊಳ್ಳುವ ಚಿಪ್‌ನ ಗುಟ್ಟಿನ ಕೀಲಿ ಅದರ ಬಲದಲ್ಲೇ ಉಳಿದಿರುತ್ತದೆ. ಬ್ಯಾಟರಿ ಮುಗಿದರೆ ಕೀಲಿಯೂ ಅಳಿಸಿಹೋಗುತ್ತದೆ. ಅಭಿಮಾನಿಗಳು ಕೂತು ಬೋರ್ಡ್ ಬಿಚ್ಚಿ, ಓದಿ, ಬರೆದಿಡದಿದ್ದರೆ ಈ ಗೇಮ್ ನಮ್ಮ ಕಣ್ಣೆದುರೇ ಹೋಗುತ್ತಿತ್ತು. ಅವರಿಗೆ ನಾನು ಋಣಿ.

ನೆಟ್‌ಪ್ಲೇ ನನಗೆ ಹಿಡಿಸಿದ್ದು ಅದು ಕೆಲಸ ಮಾಡುವ ರೀತಿಗೆ. ಮಸ್ಕತ್‌ನಿಂದ ಗೆಳೆಯ ಒತ್ತಿದ ಬಟನ್ ಇನ್ನೂ ತಲುಪಿಲ್ಲ ಅಂದರೆ ಗೇಮ್ ಕಾಯುತ್ತಾ ನಿಲ್ಲುವುದಿಲ್ಲ. ಅವನು ಏನು ಒತ್ತಿರಬಹುದು ಎಂದು ಊಹಿಸಿ ಮುಂದೆ ಹೋಗುತ್ತದೆ. ಊಹೆ ತಪ್ಪಿದರೆ ಕೆಲವು ಫ್ರೇಮ್ (ಪರದೆಯ ಒಂದೊಂದು ಚಿತ್ರ) ಹಿಂದಕ್ಕೆ ಹೋಗಿ ಸರಿಮಾಡಿಕೊಂಡು ಬರುತ್ತದೆ. ಒಮ್ಮೊಮ್ಮೆ ಬಿದ್ದ ರೌಡಿ ತಟ್ಟನೆ ಒಂದು ಹೆಜ್ಜೆ ಆಚೆ ಕಾಣಿಸುತ್ತಾನೆ, ಅಷ್ಟೇ. ನನ್ನ ಒದೆ ಮಾತ್ರ ನಾನು ಒತ್ತಿದ ಹೊತ್ತಿಗೇ ಬೀಳುತ್ತದೆ. ಇಂಟರ್ನೆಟ್‌ನಲ್ಲಿ ಹಳೆಯ ಗೇಮ್ ಆಡಿಸುವ ಫೈಟ್‌ಕೇಡ್ ಎಂಬ ಇನ್ನೊಂದು ಸಾಫ್ಟ್‌ವೇರ್ ಕೂಡ ಒಳ್ಳೆಯದೇ, ಆದರೆ ಅದು ಇಬ್ಬರಿಗೆ ಅಂತ ಮಾಡಿದ್ದು. ನಾವು ಮೂವರು.

ಶುರುವಿನಲ್ಲಿ ತಾಳ್ಮೆ ಬೇಕು. ಮೂವರ ಹತ್ತಿರವೂ ಎಮ್ಯುಲೇಟರ್‌ನ ಒಂದೇ ಆವೃತ್ತಿ, ಗೇಮ್‌ನ ಒಂದೇ ಫೈಲ್ ಇರಬೇಕು. ನನ್ನದು ಜಪಾನಿ ಆವೃತ್ತಿ, ಅಣ್ಣನದು ಬೇರೆ ಆಗಿ ಎರಡು ಭಾನುವಾರ ಹಾಳಾದವು. ನಮ್ಮ ಮನೆಯ ಇಂಟರ್ನೆಟ್ ಕಂಪನಿ ಒಂದೇ ವಿಳಾಸವನ್ನು ಹಲವು ಮನೆಗಳಿಗೆ ಹಂಚುತ್ತದೆ, ಹಾಗಾಗಿ ಹೊರಗಿನವರು ನೇರವಾಗಿ ಸೇರಲು ಆಗುತ್ತಿರಲಿಲ್ಲ. ನಡುವೆ ನಿಂತು ಎಲ್ಲರ ಡೇಟಾ ದಾಟಿಸುವ ರಿಲೇ ಸರ್ವರ್ ಆಯ್ಕೆ ಹಾಕಿದ ಮೇಲೆ ಸರಿಹೋಯಿತು. ಆಗ ವಿಳಂಬ ಸ್ವಲ್ಪ ಜಾಸ್ತಿ, ಆದರೂ ಆಡಬಹುದು. ಮಾತಿಗೆ ನಾವು ಫೋನ್ ಕಾಲ್ ಹಾಕಿಕೊಳ್ಳುತ್ತೇವೆ.

ಒಂದು ಮಾತು. ಎಮ್ಯುಲೇಟರ್ ಪೂರ್ತಿ ಉಚಿತ. ಎಫ್‌ಬಿ ನಿಯೋವನ್ನು ಮಾರಬಾರದು ಎಂದು ಅದರ ಲೈಸೆನ್ಸ್‌ನಲ್ಲೇ ಇದೆ. ಸಾವಿರಾರು ಗೇಮ್ ತುಂಬಿ ಮಾರುವ ಪೆಟ್ಟಿಗೆಗೆ ದಯವಿಟ್ಟು ದುಡ್ಡು ಹಾಕಬೇಡಿ. ಗೇಮ್ ಫೈಲ್ ಎಮ್ಯುಲೇಟರ್ ಜೊತೆ ಬರುವುದಿಲ್ಲ, ಅದರ ಹಕ್ಕು ಇನ್ನೂ ಕಂಪನಿಗಳದ್ದೇ.

ಹೋದ ತಿಂಗಳು ಅಣ್ಣನ ಮಗಳು ತಾನೂ ಆಡುತ್ತೇನೆ ಎಂದಳು. ಮೂವರಿಗಿಂತ ಹೆಚ್ಚು ಜನಕ್ಕೆ ಜಾಗವಿಲ್ಲ. ಸುಮ್ನೆ ನೋಡುತ್ತಾ ಕೂರುವ ಆಯ್ಕೆಯೂ ನೆಟ್‌ಪ್ಲೇಯಲ್ಲಿದೆ, ನಾನು ಅದಕ್ಕೆ ಸರಿದೆ. ಮೂರನೇ ಹಂತದಲ್ಲಿ ಕ್ಯಾಡಿಲಾಕ್ ಕಾರು ಬಂದಾಗ ಅವಳು ಕೂಗಿದ್ದು ಮೂರು ಊರಿಗೂ ಕೇಳಿಸಿತು. ಅವಳು ಆರಿಸಿಕೊಂಡಿದ್ದು ಮುಸ್ತಫಾನನ್ನೇ.